ಈಳಿಗೆಮಣೆಯ ಗೂಢಾರ್ಥ

ಕೊಳ್ಳೇಗಾಲದ ನಮ್ಮ ಬೀದಿಯ ಶಾಂತಮೂರ್ತಿಗಳು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಮಕ್ಕಳ ಕೈಲಿ ಹೂಜಿ, ಮಾವಿನಹಣ್ಣು ಬರೆಸಿದ್ದೇ ಬರೆಸಿದ್ದು. ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಪರದೇಶದ ಹಳೆಯ ಚಿತ್ರಗಳನ್ನು ನೋಡಿ, ಪ್ರತಿ ಪಾತ್ರೆ ಪಡಗಕ್ಕೂ ಗೂಢಾರ್ಥವಿದೆ ಎಂದು ಕಂಡುಕೊಂಡರು. ಆರಿದ ದೀಪ ಎಂದರೆ ಮುಗಿದ ಆಯುಸ್ಸು, ಸುಲಿದ ನಿಂಬೆಹಣ್ಣು ಎಂದರೆ ಬದುಕಿನ ಹುಳಿ. ಹಾಲಿಗೆ ಹೊರಟ ನನ್ನನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಕೊರೆದಿದ್ದಾರೆ.

ಹೋದ ತಿಂಗಳು ಹಜಾರದ ಮೇಜಿಗೆ ಬಿಳಿ ಪಂಚೆ ಹಾಸಿ, ಹೆಂಡತಿ ಗುರುಬಸಮ್ಮನ ಈಳಿಗೆಮಣೆ, ಕನ್ನಡಕ, ಎಲೆಅಡಿಕೆ ಡಬ್ಬಿ, ಜೊತೆಗೆ ಕುಂಬಳಕಾಯಿ, ಬಾಳೆಹಣ್ಣು, ಉರಿಯುವ ದೀಪ ಜೋಡಿಸಿದರು. ಇವನ್ನು ನೋಡಿ ಬರೆಯುವ ಚಿತ್ರದ ಹೆಸರು 'ಗೃಹಿಣಿ'. ಮೂರು ವಾರ ಯಾರೂ ಮುಟ್ಟಕೂಡದು ಎಂದು ಅಪ್ಪಣೆಯಾಯಿತು.

"ಮಣೆ ಒಂದ್ ಕೊಟ್ಬುಡಿ, ತರಕಾರಿ ಎಚ್ಚಕ್ಕಾಯ್ತಿಲ್ಲ" ಎಂದರು ಗುರುಬಸಮ್ಮ.

"ಅದು ನಿನ್ನ ಸಂಕೇತ ಕಣೇ."

ಸಂಕೇತವಿಲ್ಲದೆ ಚಾಕು ಹಿಡಿದು ಆಕೆ ಹೆಬ್ಬೆರಳು ಕೊಯ್ದುಕೊಂಡರು. ಆಮೇಲೆ ದಿನವೂ ನಮ್ಮ ಮನೆಗೆ ಬಂದು ಹೆಚ್ಚಿಕೊಂಡು ಹೋಗುತ್ತಿದ್ದರು. ಮೇಷ್ಟ್ರ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೇ ವಾರದ ಕೊನೆಗೆ ಒಂದು ದಿನ ಆಕೆ ನಮ್ಮಲ್ಲಿದ್ದಾಗಲೇ ಅವರ ಅಕ್ಕ ಗುರುಸಿದ್ದಮ್ಮ ಮಾಂಬಳ್ಳಿಯಿಂದ ಬಂದರು. ಬಾಗಿಲು ತೆರೆದಿದೆ, ತಂಗಿಯಿಲ್ಲ. ಬಿಳಿ ಬಟ್ಟೆಯ ಮೇಲೆ ತಂಗಿಯ ಸಾಮಾನು, ಹಣ್ಣು, ದೀಪ. ನಮ್ಮ ಕಡೆ ಹೀಗೆ ಎಡೆ ಇಡುವುದು ಸತ್ತವರಿಗೆ. ಪರದೇಶದ ನಿಂಬೆಹಣ್ಣಿನ ಅರ್ಥ ಬಲ್ಲ ಮೇಷ್ಟ್ರಿಗೆ ಇದು ಹೊಳೆದೇ ಇರಲಿಲ್ಲ.

"ಅಯ್ಯೋ ನನ್ ತಂಗ್ಯವ್ವಾ! ಒಂದ್ ಮಾತ್ ಏಳ್ದೆ ಓಗ್ಬುಟ್ಯಲ್ಲಾ! ಈ ಮನ್ಗೆ ದುಡ್ದೂ ದುಡ್ದೂ ಸವ್ದೋದ್ಯಲ್ಲಾ!"

ಬೀದಿಯೇ ಸೇರಿತು. ನಾವಿಬ್ಬರೂ ಓಡಿದೆವು. ಶಾಂತಮೂರ್ತಿಗಳು ಬ್ರಷ್ ಹಿಡಿದೇ ಒಳಗಿಂದ ಬಂದರು, ಮುಖದ ತುಂಬ ಹಿಗ್ಗು. "ನೋಡುದ್ರಾ? ಬರೀ ಜೋಡ್ಸಿದ್ದಕ್ಕೇ ಕಣ್ಣೀರ್ ಬಂತು. ಇದು ಕಲೆ ಕಣ್ರಿ!"

ಗುರುಬಸಮ್ಮ ಹೊಸ್ತಿಲಲ್ಲಿ ನಿಂತು ತಮ್ಮ ಸಾವಿನ ಅಳುವನ್ನು ಪೂರ್ತಿ ಕೇಳಿಸಿಕೊಂಡರು. ಆ ಮನೆಯಲ್ಲಿ ಅವರ ದುಡಿಮೆಯ ಮಾತು ಬಂದದ್ದು ಅದೇ ಮೊದಲು.

"ಬುಡಕ್ಕಾ, ಇನ್ನೂ ಬದ್ಕಿವ್ನಿ" ಎಂದು ದೀಪವನ್ನು ದೇವರ ಮುಂದಿಟ್ಟರು. ಮಣೆಯನ್ನು ನೆಲಕ್ಕಿಳಿಸಿ ಗಂಡನ ಕೈಗೆ ಕುಂಬಳಕಾಯಿ ಕೊಟ್ಟರು. ಇಡೀ ಕುಂಬಳಕಾಯಿಗೆ ಮೊದಲು ಹೆಂಗಸರು ಕತ್ತಿ ಹಾಕುವಂತಿಲ್ಲವಲ್ಲ.

ಅಷ್ಟು ಜನರ ಎದುರು ಮೇಷ್ಟ್ರು ಕೂತರು. ಕಾಯಿ ಒತ್ತಿದ್ದೇ ತಡ, ಮಣೆ ವಾಲಿ ಪಕ್ಕಕ್ಕೆ ಬಿದ್ದರು.

"ಅದರ ಒಂದ್ ಕಾಲ್ ಮುರ್ದು ಆರ್ ವರ್ಷ ಆಯ್ತು" ಎಂದರು ಗುರುಬಸಮ್ಮ. "ಮೂರ್ ವಾರ ನೋಡುದ್ರಲ್ಲ, ಕಾಣ್ನಿಲ್ವಾ?"

ನಾವೆಲ್ಲ ಹಜಾರದ ಮೂಲೆಯಲ್ಲಿ ನಿಲ್ಲಿಸಿದ್ದ ಚಿತ್ರದ ಕಡೆ ತಿರುಗಿದೆವು. ಅದರಲ್ಲಿ ಮಣೆಯ ನಾಲ್ಕು ಕಾಲೂ ಗಟ್ಟಿಯಾಗಿದ್ದವು.