ಕಿಟಕಿಯ ಸೊಟ್ಟ ಸರಳು

ಅನಂತಲಕ್ಷ್ಮಿ ವರ್ಷದಲ್ಲಿ ಒಂದು ದಿನ ಕಾಲೇಜಿಗೆ ಹೋಗುತ್ತಿದ್ದರು. ಅನ್ನಪೂರ್ಣೇಶ್ವರಿ ನಗರದಿಂದ ರಾಜಾಜಿನಗರಕ್ಕೆ ಬಸ್ಸಿನಲ್ಲಿ ಬಂದು, ವಿದ್ಯಾರ್ಥಿಗಳು ತರುವ ‘ಕಿಟಕಿ’ ಪತ್ರಿಕೆಯ ಮೊದಲ ಪ್ರತಿಯನ್ನು ತೆಗೆದುಕೊಂಡು ಹೋಗುವುದು. ಅದರ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ ಅವರ ಕೈಗೆ ಕೊಡುವುದು ಅಲ್ಲಿನ ಪದ್ಧತಿ.

ಮೊದಲ ಸಂಚಿಕೆಯ ಮುಖಪುಟಕ್ಕೆ ಚಿತ್ರ ಬರೆದವಳು ಅಲ್ಲೇ ಓದುತ್ತಿದ್ದ ಅವರ ಮಗಳು ಸಿಂಚನಾ. ಮನೆಯ ಕಿಟಕಿ, ಐದು ಸರಳು, ಹಿಂದೆ ಕೆನ್ನೆಗೆ ಕೈಯಿಟ್ಟು ಕುಳಿತ ಅಮ್ಮ. ಬರೆಯುತ್ತಿದ್ದಾಗ ಅನಂತಲಕ್ಷ್ಮಿ, “ಎಷ್ಟು ಸಲ ಕರೀಬೇಕೇ? ಊಟ ಆರ್ತಾ ಇದೆ” ಎಂದು ಮೊಣಕೈ ಹಿಡಿದೆಳೆದರು. ಕೊನೆಯ ಸರಳು ಸೊಟ್ಟಗಾಯಿತು. ರಬ್ಬರು ತಂದುಕೊಟ್ಟರೆ ಹುಡುಗಿ ಮುಟ್ಟಲಿಲ್ಲ.

“ಇರ್ಲಿ ಬಿಡಮ್ಮ. ಇದು ನೀನು ಬರೆದಿದ್ದು.”

ಸಂಚಿಕೆ ಅಚ್ಚಾಗಿ ಬರುವಷ್ಟರಲ್ಲಿ ಡೆಂಗಿ ಜ್ವರ ಅವಳನ್ನು ಕೊಂಡೊಯ್ದಿತ್ತು. ಗೆಳೆಯರು ಆ ಚಿತ್ರವನ್ನೇ ಪತ್ರಿಕೆಯ ಗುರುತಾಗಿ ಇಟ್ಟುಕೊಂಡರು.

ಅವರೂ ಪಾಸಾಗಿ ಹೋದರು, ಪತ್ರಿಕೆ ಹೊಸಬರ ಕೈಗೆ ಬಂತು. ಮೊದಮೊದಲು ಬಡಾವಣೆಯ ಮಕ್ಕಳ ಪ್ರೇಮಕವನಗಳೇ ತುಂಬಿರುತ್ತಿದ್ದವು. ಅನಂತಲಕ್ಷ್ಮಿ ಓದಿ ನಗುತ್ತಿದ್ದರು. ಆಮೇಲೆ ಪಿ.ಜಿ.ಯಲ್ಲಿದ್ದು ಓದುವ ಉತ್ತರ ಕರ್ನಾಟಕದ ಹುಡುಗರು ತಮ್ಮ ಮಾತಿನಲ್ಲೇ ಬರೆಯತೊಡಗಿದರು. ಡೆಲಿವರಿ ಬೈಕಿನ ಮೇಲಿಂದ ಕಂಡ ಊರು, ಲಿಫ್ಟ್ ಹತ್ತಬೇಡ ಎಂದ ವಾಚ್‌ಮನ್ ಎಲ್ಲ ಅದರಲ್ಲಿ ಬಂದವು. ಓದಿದರೆ ಸಂಕಟವಾಗುತ್ತಿತ್ತು. ಪತ್ರಿಕೆ ಬೆಳೆಯುತ್ತಿದೆಯಲ್ಲ ಎಂದು ಹೆಮ್ಮೆಯೂ ಆಗುತ್ತಿತ್ತು.

ಆದರೆ ಪ್ರತಿ ತಂಡದವರಿಗೂ ಆ ಚಿತ್ರದ ಮೇಲೆ ಕೈಯಾಡಿಸದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಒಬ್ಬರು ಕಂಪ್ಯೂಟರಿನಲ್ಲಿ ತಿದ್ದುವಾಗ ಅಮ್ಮನ ಮುಖ ಹೋಯಿತು. ಇನ್ನೊಬ್ಬರ ಕಾಲಕ್ಕೆ ಕೈಯೂ ಹೋಯಿತು. “ಸದ್ಯ, ಕಿಟಕಿ ಕಾಯೋ ಕೆಲಸ ತಪ್ತು” ಎಂದು ಅನಂತಲಕ್ಷ್ಮಿ ನಕ್ಕುಬಿಟ್ಟರು. ಅವರಿಗೆ ಆ ಸೊಟ್ಟ ಸರಳೊಂದು ಉಳಿದರೆ ಸಾಕಿತ್ತು. ಮನೆಯ ಬೀರುವಿನಲ್ಲಿ ಮೊದಲ ಸಂಚಿಕೆ ಇತ್ತು, ನಿಜ. ಆದರೆ ಅದು ತೀರಿಕೊಂಡ ಮಗಳ ನೆನಪು. ವರ್ಷವರ್ಷ ಹೊಸ ಕಾಗದದ ಮೇಲೆ ಬರುವ ಗೆರೆ ಮಾತ್ರ ಇನ್ನೂ ಕಾಲೇಜಿಗೆ ಹೋಗಿಬರುವ ಮಗಳು.

ಈ ಸಲ ಸಂಪಾದಕ ಗದಗಿನ ಕಡೆಯ ರುದ್ರೇಶ. ಕುರ್ಚಿ ಕೊಟ್ಟು ಕೂರಿಸಿ, ಕುಂಕುಮ ಹಚ್ಚಿದ ಪ್ರತಿಯನ್ನು ಎರಡೂ ಕೈಯಲ್ಲಿ ನೀಡಿದ. ಅವನ ಮುಖದ ತುಂಬ ಸಂಭ್ರಮ.

“ಆಂಟಿ, ನಿಮ್ಮ ಮಗಳ ಚಿತ್ರದಾಗ ಒಂದ ಸರಳು ಸೊಟ್ಟ ಇತ್ರಿ. ಇಷ್ಟ ವರ್ಷ ಯಾರೂ ನೋಡೇ ಇಲ್ಲ. ಅವರ ಕೆಲಸದಾಗ ಕೊರತಿ ಇರಬಾರದು ಅಂತ ನಾನ ಕುಂತು ನೆಟ್ಟಗ ಮಾಡೇನ್ರಿ.”

ಅನಂತಲಕ್ಷ್ಮಿ ನೋಡಿದರು. ಐದೂ ಸರಳು ನೆಟ್ಟಗಿದ್ದವು. ಎಲ್ಲಿ ಕಳೆದೆಯೋ ಅವಳನ್ನು ಎಂದು ಹುಡುಗನ ಭುಜ ಹಿಡಿದು ಕೇಳಬೇಕೆನಿಸಿತು. ಅವನು ಫಲಿತಾಂಶಕ್ಕೆ ಕಾದವನಂತೆ ಅವರನ್ನೇ ನೋಡುತ್ತಿದ್ದ.

“ಚೆನ್ನಾಗಿದೆ ಕಣಪ್ಪ” ಎಂದರು. “ಊಟ ಆಯ್ತಾ?”

“ಇಲ್ರಿ ಆಂಟಿ, ಇನ್ನೂ ಕೆಲಸ ಐತಿ.”

“ಕೆಲಸ ಇರತ್ತೆ. ಮೊದಲು ಊಟ ಮಾಡು” ಎನ್ನುತ್ತಿದ್ದಂತೆ ಅವರ ಕೈ ತಾನಾಗಿಯೇ ಅವನ ಮೊಣಕೈಯತ್ತ ಹೋಯಿತು. ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

ಬಸ್ಸಿನಲ್ಲಿ ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದವರು ನೋಡುತ್ತಿದ್ದಾರೆಂಬ ಗೊಡವೆಯಿಲ್ಲದೆ ಅತ್ತರು. ಇಷ್ಟು ವರ್ಷಗಳಲ್ಲಿ ಕಾಲೇಜಿನಿಂದ ಮಗಳಿಲ್ಲದೆ ಮನೆಗೆ ಹೊರಟದ್ದು ಅದೇ ಮೊದಲು.