ಲೋಖ್ ಮತ್ತು ಅಡುಗೆಮನೆಯ ಗಂಗವ್ವ

ಕಾರಿನ ಬಿಡಿಭಾಗಗಳ ನಕ್ಷೆಗಳಲ್ಲಿ ತಪ್ಪು ಹುಡುಕುವುದು ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ನನ್ನ ಕೆಲಸ. ಒಂದು ಭಾಗಕ್ಕೆ ಒಂದೇ ಹೆಸರಿರಬೇಕು. ಇಲ್ಲದಿದ್ದರೆ ನಕ್ಷೆ ವಾಪಸ್. ಈ ಚಾಳಿ ಮನೆಗೂ ಬಂದಿತ್ತು.

ಆರನೆಯ ತರಗತಿಯ ಮಗಳಿಗೆ ಶಾಲೆಯಲ್ಲಿ ರೆಫೆರಾಟ್ ಇತ್ತು, ಅಂದರೆ ಎಲ್ಲರ ಮುಂದೆ ನಿಂತು ಒಂದು ವಿಷಯ ವಿವರಿಸುವುದು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ಈ ಸಲ ತಾನೇ ವಿಷಯ ಆರಿಸಿಕೊಂಡಿದ್ದಳು: ಸ್ಕಾಟ್ಲೆಂಡಿನ ಗೇಲಿಕ್ ಪದ ‘ಲೋಖ್’. ಎರಡು ವಾರ ಕೂತು ಪೋಸ್ಟರ್ ಮಾಡಿದ್ದಳು. ರೆಫೆರಾಟಿನ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ನೋಡಿದೆ. ಒಂದೇ ಪದದ ಕೆಳಗೆ ಎರಡು ಫೋಟೊ. ಒಂದರಲ್ಲಿ ಗುಡ್ಡಗಳ ನಡುವಿನ ಸಿಹಿನೀರಿನ ಸರೋವರ, ಇನ್ನೊಂದರಲ್ಲಿ ನೆಲದೊಳಗೆ ಉದ್ದಕ್ಕೆ ನುಗ್ಗಿದ ಸಮುದ್ರ.

“ಎರಡಕ್ಕೂ ಲೋಖ್ ಅಂತನ ಅಂತಾರ ಪಪ್ಪಾ,” ಎಂದಳು. ಹಳೆಯ ಕೆಲ್ಟಿಕ್ ಪದವಂತೆ. ಲ್ಯಾಟಿನ್ನಿನ ‘ಲಾಕುಸ್’ ಇದರ ದಾಯಾದಿ, ಇಂಗ್ಲಿಷಿನ ‘ಲೇಕ್’ ಆ ಲ್ಯಾಟಿನ್ ಮನೆಯಿಂದ ಬಂದದ್ದು. ಅರ್ಧ ಜರ್ಮನ್, ಅರ್ಧ ಕನ್ನಡದಲ್ಲಿ ಉತ್ಸಾಹದಿಂದ ಹೇಳುತ್ತಿದ್ದಳು.

“ಉಪ್ಪನೀರಿಗೆ ಯಾರರೆ ಕೆರಿ ಅಂತಾರೇನ? ಎಲ್ಲಾರೂ ನಗ್ತಾರ ನೋಡು,” ಎಂದು ಸಮುದ್ರದ ಫೋಟೊ ಕಿತ್ತುಬಿಟ್ಟೆ. ಜೊತೆಗೆ ಪೋಸ್ಟರೂ ಸ್ವಲ್ಪ ಹರಿಯಿತು. ಮಗಳು ಪೋಸ್ಟರ್ ಸುತ್ತಿಕೊಂಡು ತನ್ನ ಕೋಣೆಗೆ ಹೋದಳು.

ಅಂದು ಮಧ್ಯಾಹ್ನ ಮೇಲಿನ ಮನೆಯ ಧಾರವಾಡದ ಬಾಣಂತಿಯ ಗಂಗಿ ಪೂಜೆ. ತಾನು ಹಿರಿಯಳೆಂದು ನನ್ನ ಹೆಂಡತಿ ನಮ್ಮಲ್ಲೇ ಇಟ್ಟುಕೊಂಡಿದ್ದಳು. ಹೆರಿಗೆಯಾದ ಮೇಲಿನ ಈ ನೀರಿನ ಪೂಜೆಯನ್ನು ಊರಲ್ಲಾದರೆ ಬಾವಿಗೆ ಮಾಡುತ್ತಾರೆ. ಇಲ್ಲಿ ಬಾವಿ ಎಲ್ಲಿಂದ ತರೋಣ? ಬಂದ ಹೆಂಗಸರು ಅಡುಗೆಮನೆಯ ನಳಕ್ಕೇ ಅರಿಶಿನ-ಕುಂಕುಮ ಹಚ್ಚಿ, ಐದು ಕಲ್ಲಿಟ್ಟು, ಹಸಿರು ಕುಪ್ಪಸದ ಬಟ್ಟೆ ಏರಿಸಿದರು. “ಗಂಗವ್ವಗ ಕೈ ಮುಗೀರಿ,” ಎಂದಳು ಹೆಂಡತಿ. ನಾನು ಭಕ್ತಿಯಿಂದಲೇ ಮುಗಿದೆ. ಮಗಳು ನನ್ನನ್ನೇ ನೋಡುತ್ತಿದ್ದಳು.

“ಹೊಳಿನೂ ಗಂಗವ್ವ, ಬಾವಿನೂ ಗಂಗವ್ವ, ಈ ನಳಾನೂ ಗಂಗವ್ವ. ನಮ್ಮದು ನಡೀತದ. ಅವರ ಲೋಖ್ ಯಾಕ ನಡ್ಯಾಂಗಿಲ್ಲ ಪಪ್ಪಾ?”

ಹೆಂಗಸರು ನಕ್ಕರು. ನನಗೆ ನಾಚಿಕೆಯಾಯಿತು. ಭಾನುವಾರ ಇಲ್ಲಿ ಅಂಗಡಿ ತೆರೆಯುವುದಿಲ್ಲ; ಮನೆಯಲ್ಲಿದ್ದ ಪಾರ್ಸೆಲ್ ಟೇಪಿನಿಂದಲೇ ಫೋಟೊ ಮತ್ತೆ ಅಂಟಿಸಿದೆ. ಸೊಟ್ಟಗಾಯಿತು.

ಸೋಮವಾರ ಕೆಲಸದಿಂದ ಬಂದವನೇ ಹೇಗಾಯಿತೆಂದು ಕೇಳಿದೆ.

“ಛಲೋ ಆತು. ಯಾರೂ ನಗಲಿಲ್ಲ. ಎಲ್ಲಾಕ್ಕಿಂತ ಕಷ್ಟ ಯಾವುದಿತ್ತು ಅಂತ ಟೀಚರ್ ಕೇಳಿದ್ರು.”

“ಏನಂದಿ?”

“ನಮ್ಮ ಪಪ್ಪಾಗ ತಿಳಿಸೋದು ಅಂದ್ನಿ.”