ನನ್ನ ಹೆಸರಿನ ನಾಲ್ಕು ಪುಟ

ನಮ್ಮ ಕನ್ನಡ ಸಂಘದಲ್ಲಿ ವರದಿ ಮೊದಲು, ಕಾರ್ಯಕ್ರಮ ಆಮೇಲೆ. ಬೇರೆ ಸಂಘಗಳ ಮಾತು ನನಗೆ ಗೊತ್ತಿಲ್ಲ. ನಮ್ಮಲ್ಲಿ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದ ಸಂಜೆಯೇ ನಾನು ಅದನ್ನು ಎದುರಿಗಿಟ್ಟುಕೊಂಡು ವರದಿ ಬರೆದು ಮುಗಿಸುತ್ತಿದ್ದೆ. ಸಭಾಂಗಣ ಕಿಕ್ಕಿರಿದಿರುತ್ತಿತ್ತು, ಸಮಾರಂಭ ವಿಜೃಂಭಣೆಯಿಂದ ಜರುಗುತ್ತಿತ್ತು, ಮುಖ್ಯ ಅತಿಥಿಗಳು ಮನಮುಟ್ಟುವಂತೆ ಸುದೀರ್ಘವಾಗಿ ಮಾತನಾಡುತ್ತಿದ್ದರು. ಅದನ್ನು ಕಾರ್ಯದರ್ಶಿಗಳಿಗೆ ಕಳಿಸಿದರೆ ಅವರು ಕೆಳಗೆ ತಮ್ಮ ಹೆಸರು ಸೇರಿಸಿ ತಯಾರಾಗಿ ಇಟ್ಟುಕೊಳ್ಳುತ್ತಿದ್ದರು. ಕಾರ್ಯಕ್ರಮ ಮುಗಿದು ಜನ ಊಟದ ಸಾಲಿನಲ್ಲಿ ನಿಂತಿರುವಾಗಲೇ ಸಂಘದ ವಾಟ್ಸಾಪ್ ಗುಂಪಿಗೆ ವರದಿ ಬರುತ್ತಿತ್ತು. ತಾವು ಎಷ್ಟು ಆನಂದಪಟ್ಟೆವು ಎಂಬುದನ್ನು ಜನ ತಟ್ಟೆ ಹಿಡಿದುಕೊಂಡೇ ಓದಿ ತಿಳಿದುಕೊಳ್ಳುತ್ತಿದ್ದರು.

ನನ್ನ ಗಂಡ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರ. ಈ ಪದ್ಧತಿ ಅವರಿಗೆ ತಿಳಿದಾಗ ಗಾಬರಿಯಾದರು.

"ಗಾಡಿ ಬರೂಕಿಂತ ಮೊದಲ ಬಂತಂತ ಬರದ್ರ ನಮ್ಮಲ್ಲೆ ಸಸ್ಪೆಂಡ್ ಮಾಡ್ತಾರ," ಎಂದರು.

"ನಿಮ್ಮ ಗಾಡಿ ಬರಲಿಕ್ಕಿಲ್ಲ. ನಮ್ಮ ಸಮಾರಂಭ ಹ್ಯಾಂಗಿದ್ರೂ ಆಗ್ತೈತಿ," ಎಂದೆ ನಾನು.

ನಾನು ಬೀದರ ಕಡೆಯವಳು. ಮದುವೆಯಾಗಿ ಗಡಿಯಾಚೆಯ ಮಲ್ಕಾಜ್‌ಗಿರಿಗೆ ಬಂದಮೇಲೆ ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ, ಗಂಡನ ಹತ್ತಿರ ನಮ್ಮ ಮಾತು ಎಂದು ನಾಲಿಗೆಯನ್ನು ಹಂಚಿಕೊಂಡು ಬದುಕಿದವಳು. ಬರೆಯುವ ಕನ್ನಡ ಮಾತ್ರ ನನಗೆ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ. ಸಮಾರಂಭ ಇದ್ದಾಗ ಉಡುವುದು, ಬಂದಕೂಡಲೇ ಬಿಚ್ಚಿ ಮಡಿಚಿಡುವುದು. ಅದರಲ್ಲಿ ಅಡುಗೆ ಮಾಡಬಹುದು, ಜಗಳ ಆಡಬಹುದು ಎಂದು ನನಗೆ ಹೊಳೆದಿರಲೇ ಇಲ್ಲ.

ಫೋಟೋದ ಹುಚ್ಚು ಹಿಡಿದದ್ದು ಮಗಳು ಕಾಲೇಜಿಗೆ ಹೋಗಲು ಶುರು ಮಾಡಿ ಮನೆ ಖಾಲಿ ಅನ್ನಿಸಿದ ಮೇಲೆ. ಕೋಠಿ ಬಜಾರಿನ ಒಂದು ಗಲ್ಲಿಯಲ್ಲಿ ಹಳೆಯ ಕ್ಯಾಮೆರಾ ಕೊಂಡೆ. ಅಂಗಡಿಯವನು "ಲೇಲೋ ಅಮ್ಮಾ, ಶಾದಿಯೋಂ ಮೇ ಚಲಾ ಹುವಾ ಮಾಲ್ ಹೈ" ಎಂದು ಹೊಗಳಿ ಕೊಟ್ಟ. ಮದುವೆಗಳಲ್ಲಿ ಪಳಗಿದ ಕ್ಯಾಮೆರಾ ಅಂದದ್ದು ಸುಳ್ಳಲ್ಲ. ನಾನು ಯಾರ ಕಡೆ ತಿರುಗಿಸಿದರೂ ಅವರು ನೆಟ್ಟಗೆ ನಿಂತು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಿದ್ದರು. ಜನ ಬೇಡವೆಂದು ಗುಲಾಬಿ ತೆಗೆದೆ, ಸೂರ್ಯಾಸ್ತ ತೆಗೆದೆ. ನಮ್ಮ ತಾರಸಿಯಿಂದ ಸೂರ್ಯ ಯಾವಾಗಲೂ ಎರಡು ಕೇಬಲ್ ತಂತಿಗಳ ನಡುವೆಯೇ ಮುಳುಗುತ್ತಿದ್ದ. ಪ್ರತಿ ಫೋಟೋದ ಕೆಳಗೆ 'ಮುಳುಗುವ ಸೂರ್ಯ ಮತ್ತೆ ಉದಯಿಸುತ್ತಾನೆ, ಮನವೇ ಧೈರ್ಯಗೆಡದಿರು' ಎಂಬಂಥ ಸಾಲು ಬರೆದು ಗುಂಪಿಗೆ ಹಾಕುತ್ತಿದ್ದೆ. ಕೈಮುಗಿದ ಚಿತ್ರಗಳು ಸಾಲಾಗಿ ಬಂದು ಬೀಳುತ್ತಿದ್ದವು.

ಗಂಡ ಒಂದನ್ನು ಓದಿ, "ಇದು ನೀ ಬರದದ್ದ? ಎಲ್ಲೋ ಕ್ಯಾಲೆಂಡರ್‌ನಾಗ ಓದಿದಂಗ ಆತು," ಎಂದರು. ನಾನು ಎರಡು ದಿನ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟು ಬಂದದ್ದು ಅವರು ಹೇಳಿದ್ದು ನಿಜ ಅನ್ನಿಸಿದ್ದರಿಂದ. ಫೋಟೋ ನನ್ನದೇ, ಬರೆದ ಕೈಯೂ ನನ್ನದೇ, ಆದರೆ ಎರಡರಲ್ಲೂ ನಾನು ಇರಲಿಲ್ಲ. ಹೆಸರು ತೆಗೆದರೆ ಯಾರದಾದರೂ ಆಗಬಹುದಿತ್ತು.

ಹೀಗಿರುವಾಗ ಸಂಘದ ಅಧ್ಯಕ್ಷರು ಒಂದು ಮಾತು ಕೊಟ್ಟರು. ಆ ವರ್ಷದ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಪುಟ ನನಗೆ. ಫೋಟೋ ನನ್ನದು, ಬರಹ ನನ್ನದು, ಮೇಲೆ ಹೆಸರೂ ನನ್ನದು.

"ವರ್ಷಾನುಗಟ್ಟಲೆ ಹೆಸರಿಲ್ಲದ ದುಡದೀರಿ ವೈನಿ. ಈ ಸಲ ನಿಮ್ಮ ಹೆಸರು ಬರ್ಲಿ," ಎಂದರು. ಅವರು ನನ್ನ ಗಂಡನಿಗೆ ಹಳೆಯ ಪರಿಚಯ, ಹಾಗಾಗಿ ನಾನು ಸಂಘಕ್ಕೆಲ್ಲ ವೈನಿ, ಅಂದರೆ ಅತ್ತಿಗೆ. ಆ ನಾಲ್ಕು ಪುಟ ನನಗೆ ಎಷ್ಟು ಬೇಕಾಗಿತ್ತು ಎಂದು ಹೇಳಿದರೆ ನಗುತ್ತೀರಿ. ರೊಟ್ಟಿ ಬಡಿಯುವಾಗ, ಬಟ್ಟೆ ಒಣಗಹಾಕುವಾಗ ಅವೇ ಕಣ್ಣ ಮುಂದೆ. ಅದರಲ್ಲಿ ಏನು ತುಂಬಬೇಕು ಎಂಬುದೊಂದೇ ತಿಳಿಯುತ್ತಿರಲಿಲ್ಲ.

ನಮ್ಮ ರಾಜ್ಯೋತ್ಸವ ನವೆಂಬರಿನಲ್ಲಿ ಸಭಾಂಗಣ ಸಿಗದೆ ಡಿಸೆಂಬರಿನಲ್ಲಿ ನಡೆಯುತ್ತದೆ. ಆ ವರ್ಷವೂ ನಾರಾಯಣಗೂಡದ ಒಂದು ಸಭಾಂಗಣದಲ್ಲಿ ಇಟ್ಟುಕೊಂಡಿದ್ದರು. ಮುಖ್ಯ ಅತಿಥಿಗಳು ನಿವೃತ್ತ ಅಧಿಕಾರಿಗಳು, ಕಲಬುರಗಿ ಮೂಲದವರು, ಕರೆದರೆ ಬರುವವರು. ಈ ಕೊನೆಯ ಗುಣದಿಂದಾಗಿ ಅವರನ್ನೇ ಮತ್ತೆ ಮತ್ತೆ ಕರೆಯುತ್ತಿದ್ದೆವು. ಬಾಗಿಲಲ್ಲಿ ಅವರ ನಗುಮುಖದ ದೊಡ್ಡ ಫೋಟೋ, ಮರದ ಚೌಕಟ್ಟು ಹಾಕಿಸಿ ನಿಲ್ಲಿಸಿದ್ದರು. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ ಎಲ್ಲ ಬಂದಿತ್ತು. ನನ್ನ ವರದಿ ಕಾರ್ಯದರ್ಶಿಗಳ ಫೋನಿನಲ್ಲಿ ಸಿದ್ಧವಾಗಿತ್ತು.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅತಿಥಿಗಳ ಮನೆಯಿಂದ ಫೋನು. ಹಲ್ಲುನೋವು ಜಾಸ್ತಿಯಾಗಿ ಬೆಳಿಗ್ಗೆಯೇ ಹಲ್ಲು ಕೀಳಿಸಿದ್ದಾರೆ, ಗಲ್ಲ ಬಾತುಕೊಂಡಿದೆ, ಬಾಯಿ ತೆರೆಯಲು ಆಗುತ್ತಿಲ್ಲ, ಕ್ಷಮಿಸಬೇಕು.

ಕಾರ್ಯದರ್ಶಿಗಳು ಆಮಂತ್ರಣ ಪತ್ರಿಕೆ ತೋರಿಸಿ, "ಸನ್ಮಾನ ಅಂತ ಅಚ್ಚಾಗೇತ್ರಿ. ಬಿಟ್ರ ಜನಾ ಏನಂತಾರ?" ಎಂದರು. ಅಧ್ಯಕ್ಷರು ಸ್ವಲ್ಪ ಹೊತ್ತು ಹಾರವನ್ನೂ ಬಾಗಿಲನ್ನೂ ನೋಡಿದರು.

"ಆ ಫೋಟೋನ ತಂದು ಕುರ್ಚಿ ಮ್ಯಾಲ ಇಡ್ರಿ. ಅವರಿದ್ದಂಗ ಆಕ್ಕತಿ," ಎಂದರು.

ಅವರ ಮನಸ್ಸಿನಲ್ಲಿ ಗೌರವ ಬಿಟ್ಟರೆ ಬೇರೇನೂ ಇರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಫೋಟೋ ಬಂತು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂಡಿಸಿದರು. ಹೊದಿಸಿದ ಶಾಲು ನಿಲ್ಲದೆ ಜಾರುತ್ತಿತ್ತು, ಹಿಂದಿನಿಂದ ಗುಂಡುಪಿನ್ನು ಚುಚ್ಚಿದರು. ಗಂಧದ ಹಾರ ಹಾಕಿದರು. ದೀಪ ಅಡ್ಡ ಬರುತ್ತದೆಂದು ಯಾರೋ ಅದನ್ನು ಸರಿಸಿ ಫೋಟೋದ ಪಕ್ಕಕ್ಕೆ ಇಟ್ಟರು. ಸರಸ್ವತಿಯ ಪೂಜೆಗೆ ಹಚ್ಚಿದ ಊದುಬತ್ತಿಯೂ ದೀಪದ ಜೊತೆಗೇ ಬಂತು. ಅಷ್ಟರಲ್ಲಿ ನಿರೂಪಣೆ ಮಾಡುತ್ತಿದ್ದವರು ನಾಡಗೀತೆಗಾಗಿ ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರಿದರು. ಎಲ್ಲರೂ ಎದ್ದರು. ಆದರೆ ಹಾಡು ಯಾವ ಫೋನಿನಲ್ಲಿತ್ತೋ ಆ ಫೋನು ಸಿಗಲಿಲ್ಲ. ಹುಡುಕುವವರೆಗೆ ಇಡೀ ಸಭೆ ತಲೆ ತಗ್ಗಿಸಿ, ಕೈಕಟ್ಟಿ, ಮೌನವಾಗಿ ನಿಂತುಕೊಂಡಿತು.

ತಡವಾಗಿ ಬಂದ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಚಪ್ಪಲಿ ಬಿಟ್ಟು ಮೆಲ್ಲಗೆ ವೇದಿಕೆ ಹತ್ತಿ, ತಲೆಯಲ್ಲಿದ್ದ ಸೇವಂತಿಗೆ ತೆಗೆದು ಫೋಟೋದ ಮುಂದೆ ಇಟ್ಟು ಕೈಮುಗಿದರು.

"ಭಾಳ ಚಲೋ ಮನಷ್ಯಾ ಇದ್ರು. ಯಾವಾಗ ಆತ್ರಿ?" ಎಂದು ಅಧ್ಯಕ್ಷರನ್ನು ಕೇಳಿದರು.

"ಇನ್ನೂ ಆಗಿಲ್ರಿ ಅಮ್ಮಾರ," ಎಂದರು ಅಧ್ಯಕ್ಷರು.

ಸಂಘದ ಸಮಾರಂಭಗಳ ಫೋಟೋ ತೆಗೆಯುವಾಗ ಪ್ರತಿ ಸಲ ನಾನು 'ಇಲ್ಲಿ ನೋಡ್ರಿ' ಎಂದು ಕೂಗುತ್ತಿದ್ದೆ. ಶಾಲು ಹೊದಿಸುವವರು ಹೊದಿಸುವುದನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿ ನಗುತ್ತಿದ್ದರು. ಆ ದಿನ ನಾನು ಕೂಗಲಿಲ್ಲ, ಯಾರೂ ತಿರುಗಲಿಲ್ಲ. ಅಜ್ಜಿಯ ಮುಗಿದ ಕೈ, ಅಧ್ಯಕ್ಷರ ಬೆವರಿದ ಹಣೆ, ಪರದೆಯ ಹಿಂದೆ ಫೋನಿಗಾಗಿ ಬಗ್ಗಿ ಹುಡುಕುತ್ತಿರುವ ಕಾರ್ಯದರ್ಶಿಗಳ ಬೆನ್ನು, ಎಲ್ಲದರ ನಡುವೆ ಹಾರದೊಳಗಿಂದ ನಗುತ್ತಿರುವ ಅತಿಥಿಗಳು. ನಾನು ಒಂದೇ ಒಂದು ಫೋಟೋ ತೆಗೆದೆ. ಒಳಗೆ ನಗು ಉಕ್ಕುತ್ತಿತ್ತು. ಇದು ನಾನು ಕಂಡದ್ದು, ಇನ್ನೊಬ್ಬರು ಕಂಡು ನನಗೆ ಹೇಳಿದ್ದಲ್ಲ ಎಂಬ ಖುಷಿ ಎದೆಯಲ್ಲಿ ತುಂಬಿಕೊಂಡಿತು.

ಊಟದ ಸಾಲಿನಲ್ಲಿ ನಿಂತಿದ್ದಾಗ ಎಂದಿನಂತೆ ವರದಿ ಬಂತು. ಮುಖ್ಯ ಅತಿಥಿಗಳು ಮನಮುಟ್ಟುವಂತೆ ಸುದೀರ್ಘವಾಗಿ ಮಾತನಾಡಿದ್ದರು. ಗಡಿಬಿಡಿಯಲ್ಲಿ ಕಾರ್ಯದರ್ಶಿಗಳು ಅದನ್ನು ತಿದ್ದಿರಲಿಲ್ಲ. ಜನ ಓದಿ ಕೈಮುಗಿದ ಚಿತ್ರಗಳನ್ನು ಹಾಕಿದರು. ಅಧ್ಯಕ್ಷರು ಮಾತ್ರ ತಟ್ಟೆಯನ್ನು ಪಕ್ಕಕ್ಕಿಟ್ಟು ನನ್ನ ಹತ್ತಿರ ಬಂದರು.

"ವೈನಿ, ಆ ಫೋಟೋ ಡಿಲೀಟ್ ಮಾಡಿಬಿಡ್ರಿ. ನಿಮ್ಮ ನಾಲ್ಕು ಪುಟದ ಕೆಲಸ ನಡದೈತಿ," ಎಂದರು. ಎರಡು ವಾಕ್ಯಗಳಿಗೂ ಸಂಬಂಧವಿಲ್ಲ ಎಂಬಂತೆ ಮುಖ ಮಾಡಿಕೊಂಡಿದ್ದರು. ನಾನು ಪಲಾವು ಚೆನ್ನಾಗಿದೆ ಎಂದೆ.

ಮರುದಿನ ಗಂಡ ಡ್ಯೂಟಿಗೆ ಹೋದಮೇಲೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಕಾಗದ ಇಟ್ಟುಕೊಂಡು ಕೂತೆ. ಕಿಕ್ಕಿರಿದ ಸಭಾಂಗಣ ಎಂದು ಬರೆಯಲು ಹೋದೆ, ಖಾಲಿ ಕುರ್ಚಿಗಳು ಕಣ್ಣ ಮುಂದೆ ಬಂದವು, ಹೊಡೆದುಹಾಕಿದೆ. ಆಮೇಲೆ ಬರೆದೆ: 'ಅತಿಥಿಗಳ ಒಂದು ಹಲ್ಲು ಹೋಗಿತ್ತು. ನಾವು ಅವರನ್ನೇ ಕಳಿಸಿಕೊಟ್ಟೆವು.' ಬರೆದು ನಾನೇ ಬೆಚ್ಚಿದೆ. ಹೀಗೆಲ್ಲ ಬರೆಯಬಹುದೇ ಎಂದು ಆಚೀಚೆ ನೋಡಿದೆ. ಒಲೆಯ ಮೇಲೆ ಬೇಳೆ ಬಿಟ್ಟರೆ ಯಾರೂ ಇರಲಿಲ್ಲ. ಗುಂಡುಪಿನ್ನಿನಿಂದ ಹಿಡಿದು ಸೇವಂತಿಗೆಯವರೆಗೆ ಕಂಡದ್ದನ್ನು ಕಂಡ ಹಾಗೆ ಬರೆದೆ. ಬೇಳೆ ತಳ ಹತ್ತಿತು.

ಸಂಜೆ ಗಂಡನಿಗೆ ಕೊಟ್ಟೆ. ಅವರು ಚಹಾ ಕುಡಿಯುತ್ತ ಓದಿದರು. ಅಧ್ಯಕ್ಷರ 'ಇನ್ನೂ ಆಗಿಲ್ರಿ'ಗೆ ಬಂದಾಗ ಚಹಾ ನೆತ್ತಿಗೇರಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಸುಧಾರಿಸಿಕೊಂಡು ಮತ್ತೆ ಮೊದಲಿನಿಂದ ಓದಿದರು.

"ಇದು ನೀನ ಬರದದ್ದು," ಎಂದರು. "ನೀ ಒಲಿ ಮುಂದ ನಿಂತು ನಮ್ಮ ಕಾಕಾನ ಮನಿ ಸುದ್ದಿ ಹೇಳ್ತೀಯಲ್ಲ, ಹಂಗ ಐತಿ."

ನನಗೆ ಅಳು ಬಂತು. ಇಷ್ಟು ವರ್ಷ ನನ್ನದೊಂದು ದನಿ ಎಲ್ಲೋ ಇರಬೇಕು, ಕಲಿತವರ ಹತ್ತಿರ ಹೋಗಿ ಬೇಡಿ ತರಬೇಕು ಎಂದುಕೊಂಡಿದ್ದೆ. ಅದು ದಿನಾಲೂ ಒಗ್ಗರಣೆ ಹಾಕುತ್ತ ನಿಂತಿತ್ತು.

ನನ್ನ ನಾಲ್ಕು ಪುಟಗಳಿಗೆ ಅದನ್ನೇ ಕೊಟ್ಟೆ, ಫೋಟೋ ಸಮೇತ. ಕಾರ್ಯದರ್ಶಿಗಳು ಫೋನು ಮಾಡಿದರು.

"ಓದಿ ನಕ್ಕು ಸಾಕಾತ್ರಿ ವೈನಿ. ಆದ್ರ ಛಾಪಸಾಕ ಬರಂಗಿಲ್ರಿ. ಅತಿಥಿಗಳು ಏನ್ ತಿಳಕೋತಾರ? ನಿಮ್ಮ ಗುಲಾಬಿ ಫೋಟೋ ಅದಾವಲ್ಲ, ಅವುನ್ನ ಕೊಡ್ರಿ, ಹೆಸರು ದೊಡ್ಡ ಅಕ್ಷರದಾಗ ಹಾಕಸ್ತೀನಿ."

ದೊಡ್ಡ ಅಕ್ಷರದ ಆಸೆ ನನಗೆ ಇಲ್ಲದೇ ಇರಲಿಲ್ಲ. ಇಡೀ ದಿನ ಗುಲಾಬಿಗಳನ್ನು ತೆಗೆದು ನೋಡಿದೆ. ಒಂದಕ್ಕಿಂತ ಒಂದು ಕೆಂಪಗಿದ್ದವು. ಅವುಗಳ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಸಂಜೆ ಆ ಬರಹವನ್ನೂ ಫೋಟೋವನ್ನೂ ನನ್ನ ಹೆಸರು ಹಾಕಿ ಸಂಘದ ಗುಂಪಿಗೆ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಹೆದರಿ ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.

ಗುಂಪಿನಲ್ಲಿ ಕೈಮುಗಿಯುವ ಜನ ಅಧ್ಯಕ್ಷರು ಏನು ಹಾಕುತ್ತಾರೆಂದು ಕಾಯುತ್ತಿದ್ದರು, ಅಧ್ಯಕ್ಷರು ಅದೇ ಗುಂಪಿನಲ್ಲಿದ್ದ ಅತಿಥಿಗಳು ಏನು ಹಾಕುತ್ತಾರೆಂದು ಕಾಯುತ್ತಿದ್ದರು. ಕೊನೆಗೆ ಅತಿಥಿಗಳದೇ ಬಂತು.

'ಎರಡು ಸಲ ಓದಿದೆ. ನಗಬಾರದು ಅಂತ ಡಾಕ್ಟರು ಹೇಳ್ಯಾರ, ಕೇಳಲಿಲ್ಲ. ನಾ ಬರಲಾರದ ಕಾರ್ಯಕ್ರಮ ಇಷ್ಟು ಚಂದ ಆಗ್ತೈತಿ ಅಂದ್ರ, ಬರೂ ವರ್ಷನೂ ಬರಂಗಿಲ್ಲ. ಫೋಟೋ ಒಂದು ಪ್ರತಿ ನನಗ ಬೇಕು.'

ಆಮೇಲೆ ಕೇಳಬೇಕೆ. ಗುಂಪು ತುಂಬ ನಗುವ ಮುಖಗಳು. ಅಧ್ಯಕ್ಷರು ತಾವು ಮೊದಲೇ ಇದನ್ನು ಮೆಚ್ಚಿಕೊಂಡದ್ದಾಗಿ ಬರೆದರು. ಸಂಚಿಕೆ ಅಚ್ಚಿಗೆ ಹೋಗುವ ಮುಂಚಿನ ದಿನ ಕಾರ್ಯದರ್ಶಿಗಳನ್ನು ಕರೆದುಕೊಂಡು ಮನೆಗೇ ಬಂದರು. ಚಹಾ ಕುಡಿದು ಗಂಡನ ಡ್ಯೂಟಿಯ ಸುದ್ದಿ ಕೇಳಿದರು. ಆಮೇಲೆ ವಿಷಯಕ್ಕೆ ಬಂದರು.

"ನಿಮ್ಮ ಬರಹ ಹಾಕಾಕತ್ತೀವ್ರಿ ವೈನಿ. ಪೂರ್ತಿ. ಒಂದು ಅಕ್ಷರನೂ ತಗಿಯೂದಿಲ್ಲ," ಎಂದರು ಅಧ್ಯಕ್ಷರು. ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

"ಒಂದು ಸಣ್ಣ ಮಾತೈತ್ರಿ," ಎಂದರು ಕಾರ್ಯದರ್ಶಿಗಳು. "ಅದು ಕಾರ್ಯಕ್ರಮದ ವರದಿ ಆತಲ್ರಿ. ವರದಿ ಕಾರ್ಯದರ್ಶಿ ಹೆಸರಲೇ ಬರಬೇಕು, ಸಂಘದ ನಿಯಮ ಐತಿ. ನಿಮ್ಮ ಹೆಸರು ಸಹಾಯ ಮಾಡಿದವರಾಗ ಹಾಕ್ತೀವಿ."

ಹಿಂದಿನ ವರ್ಷವಾಗಿದ್ದರೆ 'ಅಡ್ಡಿ ಇಲ್ರಿ' ಎಂದು ಇನ್ನೊಂದು ಸುತ್ತು ಚಹಾ ಮಾಡಲು ಏಳುತ್ತಿದ್ದೆ. ಆ ದಿನ ಎದ್ದೆ, ಆದರೆ ಒಳಗೆ ಹೋಗಲಿಲ್ಲ.

"ವರದಿ ನಿಮ್ಮ ಹತ್ರ ಐತಲ್ರಿ ಅಣ್ಣಾರ, ಕಾರ್ಯಕ್ರಮದ ಮೊದಲ ಕೊಟ್ಟೀನಿ," ಎಂದೆ. "ಅದನ್ನ ನಿಮ್ಮ ಹೆಸರಲೇ ಹಾಕ್ರಿ. ಇದು ನಂದು."

ಸಂಚಿಕೆ ಬಂತು. ಅದರಲ್ಲಿ ಮುಖ್ಯ ಅತಿಥಿಗಳು ಮನಮುಟ್ಟುವಂತೆ ಸುದೀರ್ಘವಾಗಿ ಮಾತನಾಡಿದ್ದಾರೆ, ಕೆಳಗೆ ಕಾರ್ಯದರ್ಶಿಗಳ ಹೆಸರಿದೆ. ನನ್ನ ನಾಲ್ಕು ಪುಟಗಳಲ್ಲಿ ಹಿಮಾಯತ್‌ನಗರದ ಒಂದು ಸೀರೆ ಅಂಗಡಿಯ ಜಾಹೀರಾತು ಬಂದಿದೆ. ನಾನು ಅದನ್ನು ನೋಡಿ ಸ್ವಲ್ಪ ಹೊತ್ತು ಅತ್ತೆ, ಆಮೇಲೆ ಆ ಪುಟಗಳ ಬಗ್ಗೆಯೇ ಬರೆಯಲು ಕೂತೆ.